ಎಂಟನೇ ಮೆಟ್ಟಿಲಿನ ಕೂಗು

ಮಗಾ, ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಬಾಯಿಗೆ ಬಂದದ್ದು ಬೈಗುಳ, ಅದನ್ನು ನುಂಗಿಕೊಂಡು ಫೋನಿಟ್ಟೆ. ಡ್ರೈವರ್ ಸೀಟಿನ ಎದುರಿಗೆ ಹೊಸದಾಗಿ ಕ್ಯಾಮೆರಾ ಕೂರಿಸಿದ್ದಾರೆ, ರೆಪ್ಪೆ ಇಳಿದರೆ ಕಿರುಚುತ್ತೆ, ಆಕಳಿಸಿದರೂ ಕಿರುಚುತ್ತೆ, ಜೊತೆಯವರೊಬ್ಬರು ಅದರ ಮೇಲೆ ಗಾಯದ ಪಟ್ಟಿ ಅಂಟಿಸಿದ್ದಾರೆ, ಇನ್ನೊಬ್ಬರು ಕಪ್ಪು ಕನ್ನಡಕ ಹಾಕು ಅಂದರು, ನಾನೇನು ಮಾಡಲಿ ದೊಡ್ಡಪ್ಪಾ ಅಂದೆ ನೀನು. ಮಲಗಿದರೂ ನಿನ್ನ ಮಾತೇ ಕಿವಿಯಲ್ಲಿತ್ತು. ಮೂವತ್ತು ವರ್ಷಕ್ಕೂ ಮೇಲೆ ಸ್ಟೇರಿಂಗ್ ಹಿಡಿದವನು ನಾನು, ಮೊದಲು ಲಾರಿ, ಆಮೇಲೆ ಬಸ್ಸು. ನಿನ್ನನ್ನು ಈ ಕೆಲಸಕ್ಕೆ ಹಚ್ಚಿದವನೂ ನಾನೇ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಬೆಳಗಾವಿಯಲ್ಲಿ ಗಾಡಿ ನಿಲ್ಲಿಸಿ, ಮೊದಲು ನಿದ್ದೆ ಮಾಡಿ ಎದ್ದಮೇಲೆ ಓದು.

ಮೊದಲು ನನ್ನ ಕಥೆ. ನಿಮ್ಮಪ್ಪನಿಗೂ ಇದನ್ನು ಪೂರ್ತಿ ಹೇಳಿಲ್ಲ. ಈಗಿನ 48ನೇ ಹೆದ್ದಾರಿಗೆ ಆಗ 4 ಅನ್ನುತ್ತಿದ್ದರು. ನಡುವೆ ಡಿವೈಡರ್ ಇರಲಿಲ್ಲ, ಎರಡೂ ಬದಿ ಹುಣಸೆಮರದ ಸಾಲು. ಹುಬ್ಬಳ್ಳಿಯಿಂದ ಹತ್ತಿ ಲೋಡು ಹೊತ್ತು ಬೆಂಗಳೂರಿಗೆ ಬರುತ್ತಿದ್ದೆ. ಹಿಂದಿನ ಎರಡು ರಾತ್ರಿಯೂ ಗಾಡಿಯ ಮೇಲೇ ಇದ್ದವನು. ಶಿರಾದಲ್ಲಿ ಟೀ ಕುಡಿದದ್ದು, ಗ್ಲಾಸು ಬಿಸಿಯಿತ್ತೆಂದು ಟವೆಲ್ಲಿನಲ್ಲಿ ಹಿಡಿದದ್ದು ಕೂಡ ಇವತ್ತಿಗೂ ನೆನಪಿದೆ. ಕಳ್ಳಂಬೆಳ್ಳ ನೆನಪಿಲ್ಲ. ಊರು ಬಂದದ್ದೂ ಗೊತ್ತಿಲ್ಲ, ದಾಟಿದ್ದೂ ಗೊತ್ತಿಲ್ಲ. ಎಡಗಾಲಿ ಮಣ್ಣಿಗಿಳಿದು ಗಾಡಿ ಕುಲುಕಿದಾಗ ಎಚ್ಚರವಾಯಿತು. ಎದುರಿಗೆ ಮರದ ಬುಡ, ಅದಕ್ಕೆ ಬಳಿದ ಸುಣ್ಣದ ಪಟ್ಟಿ. ಬಲಕ್ಕೆ ಎಳೆದೆ, ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ, ಅಷ್ಟೇ. ಕ್ಲೀನರ್ ಹುಡುಗ ಪಕ್ಕದಲ್ಲಿ ಮಲಗಿದ್ದ, ನಿನ್ನಷ್ಟೂ ವಯಸ್ಸಾಗಿರಲಿಲ್ಲ ಅವನಿಗೆ. ಅವನು ಏಳಲೂ ಇಲ್ಲ. ಗಾಡಿ ನಿಲ್ಲಿಸಿ ಬೆಳಕು ಹರಿಯುವತನಕ ರಸ್ತೆಪಕ್ಕ ಕೂತಿದ್ದೆ.

ಆ ರಾತ್ರಿ ನನ್ನೆದುರು ಇಂಥದ್ದೊಂದು ಕ್ಯಾಮೆರಾ ಇದ್ದಿದ್ದರೆ ಅದು ಖಂಡಿತ ಕೂಗುತ್ತಿತ್ತು ಅಂತ ಹೇಳಲಾರೆ. ನಾನು ಕಣ್ಣು ಮುಚ್ಚಿದ್ದೆನೋ, ತೆರೆದುಕೊಂಡೇ ಇಲ್ಲವಾಗಿದ್ದೆನೋ ನನಗೇ ತಿಳಿಯದು. ಒಂದು ಮಾತಂತೂ ನಿಜ. ಆ ಹೊತ್ತಿಗೆ ಯಾರಾದರೂ ನನ್ನನ್ನು ‘ನಿದ್ದೆ ಬರ್ತಿದೆಯಾ?’ ಎಂದು ಕೇಳಿದ್ದರೆ ಇಲ್ಲ ಅಂತಲೇ ಅನ್ನುತ್ತಿದ್ದೆ, ಸುಳ್ಳು ಹೇಳಬೇಕೆಂದಲ್ಲ, ನಂಬಿಯೇ ಅನ್ನುತ್ತಿದ್ದೆ. ನಿದ್ದೆ ಮೊದಲು ಕೆಡಿಸುವುದು ನಿದ್ದೆ ಬರುತ್ತಿದೆ ಎಂದು ತಿಳಿಯುವ ಬುದ್ಧಿಯನ್ನು. ಕುಡಿದವನು ನಾನು ಸರಿಯಾಗೇ ಇದ್ದೀನಿ ಅಂತ ವಾದ ಮಾಡುವುದಿಲ್ಲವೇ, ಹಾಗೆ. ಹೋಲಿಕೆ ನನ್ನದಲ್ಲ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು, ಡಾಸನ್ ಮತ್ತು ರೀಡ್, 1997ರಲ್ಲಿ ಇದನ್ನು ಅಳೆದು ನೋಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರಷ್ಟು ಕುಸಿದಿತ್ತು. 24 ಗಂಟೆಗೆ ಅದು ಶೇ 0.10ರಷ್ಟು ಕುಡಿದವರ ಸ್ಥಿತಿಗೆ ಹೋಯಿತು. ನಮ್ಮ ದೇಶದ ಕಾನೂನು ಡ್ರೈವರಿಗೆ ಇಟ್ಟ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇ 0.03. ಬೆಳಿಗ್ಗೆ ಏಳಕ್ಕೆ ಎದ್ದು, ಹಗಲೆಲ್ಲ ಮನೆಗೆಲಸ, ತಂಗಿಯ ಕಾಲೇಜು, ಬ್ಯಾಂಕು ಅಂತ ಓಡಾಡಿ, ಮಲಗದೆ ರಾತ್ರಿ ಡ್ಯೂಟಿಗೆ ಬಂದೆಯೋ, ಹನ್ನೆರಡಕ್ಕೆ ನಿನಗೆ 17 ಗಂಟೆ ತುಂಬುತ್ತೆ. ಒಂದು ಹನಿಯೂ ಮುಟ್ಟದ ನೀನು ಆ ಮಿತಿ ದಾಟಿರುತ್ತೀಯ. ಪೊಲೀಸರ ಊದುಕೊಳವೆ ನಿನ್ನನ್ನು ಹಿಡಿಯುವುದಿಲ್ಲ, ಸುಮ್ಮನೆ ಮುಂದೆ ಬಿಡುತ್ತೆ. ಹಿಡಿಯಲು ನೋಡುವುದು ನಿನ್ನೆದುರಿನ ಆ ಪುಟ್ಟ ಕಣ್ಣು ಮಾತ್ರ.

ಅದು ಏನು ನೋಡುತ್ತೆ ಅಂತ ತಿಳಿದುಕೋ. ತಿಳಿಯದ ವಸ್ತುವಿನ ಮೇಲೆ ಸಿಟ್ಟು ಜಾಸ್ತಿ. ಕ್ಯಾಮೆರಾದ ಪಕ್ಕದಲ್ಲಿ ಸಣ್ಣ ದೀಪಗಳಿವೆ, ನಿನಗೆ ಬೆಳಕು ಕಾಣುವುದಿಲ್ಲ, ಏಕೆಂದರೆ ಅದು ಅವಗೆಂಪು ಬೆಳಕು. ನಮ್ಮ ಕಣ್ಣಿಗೆ ಕತ್ತಲೆ, ಅದಕ್ಕೆ ಹಗಲು. ಆ ಬೆಳಕಿನಲ್ಲಿ ನಿನ್ನ ಮುಖ ಕಂಡು, ಎರಡು ಕಣ್ಣು ಗುರುತು ಹಿಡಿದು, ಮೇಲಿನ ರೆಪ್ಪೆಗೂ ಕೆಳಗಿನ ರೆಪ್ಪೆಗೂ ಇರುವ ಅಂತರವನ್ನು ಕ್ಷಣಕ್ಷಣಕ್ಕೂ ಅಳೆಯುತ್ತೆ. ಎಚ್ಚರವಿದ್ದವನು ರೆಪ್ಪೆ ಬಡಿದರೆ ಅದು ಸೆಕೆಂಡಿನ ಮೂರನೇ ಒಂದು ಪಾಲಿನೊಳಗೆ ಮುಗಿದುಹೋಗುತ್ತೆ. ಮಂಪರು ಬಂದವನ ರೆಪ್ಪೆ ನಿಧಾನ ಇಳಿಯುತ್ತೆ, ಅಲ್ಲೇ ಕೂರುತ್ತೆ, ಕಷ್ಟಪಟ್ಟು ಮೇಲೇಳುತ್ತೆ. 1994ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ವಿಯರ್‌ವಿಲ್ ಎಂಬ ವಿಜ್ಞಾನಿ ಮತ್ತವರ ಜೊತೆಗಾರರು ಇದಕ್ಕೊಂದು ಲೆಕ್ಕ ಹಾಕಿಕೊಟ್ಟರು: ಒಂದು ನಿಮಿಷದಷ್ಟು ಹೊತ್ತಿನಲ್ಲಿ, ಕಣ್ಣಪಾಪೆ ಶೇ 80ಕ್ಕಿಂತ ಹೆಚ್ಚು ಮುಚ್ಚಿದ್ದ ಹೊತ್ತು ಎಷ್ಟು ಪಾಲು? ಅದನ್ನು ಪರ್ಕ್ಲೋಸ್ ಅನ್ನುತ್ತಾರೆ. ಆ ಪಾಲು ಏರುತ್ತಾ ಹೋದ ಹಾಗೆ ಚಾಲಕ ರಸ್ತೆ ತಪ್ಪುವುದೂ ಏರುತ್ತೆ. ಇವತ್ತು ಗಾಡಿಗೆ ಕೂರಿಸುವ ಹೆಚ್ಚಿನ ಕ್ಯಾಮೆರಾಗಳ ಹೊಟ್ಟೆಯಲ್ಲಿರುವುದು ಈ ಲೆಕ್ಕ, ಇಲ್ಲವೇ ಇದರ ಮಕ್ಕಳು-ಮೊಮ್ಮಕ್ಕಳು. ಜೊತೆಗೆ ಬಾಯಿ ಎಷ್ಟು ಅಗಲ ತೆರೆಯಿತು, ತಲೆ ಎಷ್ಟು ವಾಲಿತು, ನೋಟ ಎತ್ತ ಹೋಯಿತು, ಕೈಯಲ್ಲಿ ಫೋನಿದೆಯೇ ಅನ್ನುವುದನ್ನೂ ನೋಡುತ್ತೆ.

ಬೇರೆ ದಾರಿಗಳೂ ಇವೆ. ಕೆಲವು ಕಾರುಗಳಲ್ಲಿ ಸ್ಟೇರಿಂಗನ್ನೇ ಗಮನಿಸುತ್ತಾರೆ. ಎಚ್ಚರವಿದ್ದವನ ಕೈ ಸದಾ ಸಣ್ಣಸಣ್ಣ ತಿದ್ದುಪಡಿ ಮಾಡುತ್ತಿರುತ್ತೆ, ತೂಕಡಿಸುವವನು ಒಂದಷ್ಟು ಹೊತ್ತು ಏನೂ ಮಾಡದೆ ಆಮೇಲೆ ಒಮ್ಮೆಲೇ ಜೋರಾಗಿ ಎಳೆಯುತ್ತಾನೆ, ಕಳ್ಳಂಬೆಳ್ಳದ ಹತ್ತಿರ ನಾನು ಎಳೆದ ಹಾಗೆ. ವೋಲ್ವೊ 2007ರಲ್ಲಿ ಲೇನಿನ ಗೆರೆಯನ್ನು ನೋಡುವ, ಮರ್ಸಿಡಿಸ್ 2009ರಲ್ಲಿ ಸ್ಟೇರಿಂಗನ್ನು ಗಮನಿಸುವ ಎಚ್ಚರಿಕೆಯನ್ನು ಕಾರಿನಲ್ಲಿ ತಂದವು. ಆಸ್ಟ್ರೇಲಿಯಾದ ಗಣಿಗಳಲ್ಲಿ ಮನೆಯಷ್ಟು ಎತ್ತರದ ಲಾರಿ ಓಡಿಸುವವರಿಗೆ, ಟೋಪಿಯ ಒಳಪಟ್ಟಿಯಿಂದಲೇ ಮೆದುಳಿನ ಅಲೆ ಅಳೆಯುವ ಸಾಧನ ಕೊಟ್ಟು ನೋಡಿದ್ದಾರೆ. ನಮ್ಮ ರಸ್ತೆಗೆ, ನಮ್ಮ ಗಾಡಿಗೆ ಸದ್ಯಕ್ಕೆ ಒಗ್ಗುವುದು ಕ್ಯಾಮೆರಾನೇ. ಲೇನಿನ ಬಿಳಿಗೆರೆಯನ್ನು ನೋಡಿ ಲೆಕ್ಕ ಹಾಕುವ ಯಂತ್ರಕ್ಕೆ, ಗೆರೆಯೇ ಇಲ್ಲದ ರಸ್ತೆಯಲ್ಲಿ ಏನು ಕೆಲಸ?

ನಿನ್ನ ದೂರುಗಳನ್ನು ನಾನು ತಳ್ಳಿಹಾಕುವುದಿಲ್ಲ. ಆ ಯಂತ್ರ ಸುಳ್ಳುಕೂಗು ಕೂಗುತ್ತೆ, ನಿಜ. ಬಲಗನ್ನಡಿ ನೋಡಲು ಕತ್ತು ತಿರುಗಿಸಿದರೆ ‘ಗಮನ ತಪ್ಪಿದೆ’ ಅನ್ನುತ್ತೆ. ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ ನಿದ್ದೆ ಅನ್ನುತ್ತೆ. ಹುಟ್ಟಿನಿಂದಲೇ ಕಣ್ಣು ಸಣ್ಣಗಿರುವವರನ್ನು, ದಪ್ಪ ಗಾಜಿನ ಕನ್ನಡಕದವರನ್ನು ಸುಮ್ಮನೆ ಕಾಡುತ್ತೆ. ಹಾಡು ಗುನುಗಿದ್ದನ್ನು ಆಕಳಿಕೆ ಅಂದುಕೊಳ್ಳುತ್ತೆ. ಒಂದು ರಾತ್ರಿಗೆ ಇಪ್ಪತ್ತು ಸಲ ಸುಮ್ಮಸುಮ್ಮನೆ ಕೂಗಿದರೆ ಇಪ್ಪತ್ತೊಂದನೇ ನಿಜವಾದ ಕೂಗನ್ನು ಯಾರು ಕೇಳುತ್ತಾರೆ? ತೋಳ ಬಂತು ತೋಳ ಎಂದ ಹುಡುಗನ ಗತಿ ಯಂತ್ರಕ್ಕೂ ಅದೇ. ಆದರೆ ಇದಕ್ಕೆ ಮದ್ದು ಗಾಯದ ಪಟ್ಟಿಯಲ್ಲ. ಡಿಪೋದಲ್ಲಿ ಅದನ್ನು ಕೂರಿಸಿದವರನ್ನು ಕರೆಸು. ನಿನ್ನ ಸೀಟನ್ನು ನೀನು ನಿಜವಾಗಿ ಕೂರುವ ಎತ್ತರಕ್ಕೆ ಹೊಂದಿಸಿ, ಕ್ಯಾಮೆರಾದ ಕೋನ ನಿನ್ನ ಮುಖಕ್ಕೆ ಸರಿಮಾಡಿಸು. ನಿನಗಿಂತ ಒಂದಡಿ ಎತ್ತರದವನಿಗೆ ಕೂರಿಸಿದ್ದು ನಿನ್ನ ಕಣ್ಣನ್ನು ಸರಿಯಾಗಿ ನೋಡಲಾರದು. ಎರಡು ಪಾಳಿಯವರು ಒಂದೇ ಗಾಡಿ ಓಡಿಸುವಾಗ ಹೀಗಾಗುವುದು ಸಾಮಾನ್ಯ. ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡುವಾಗ ಸುಳ್ಳುಕೂಗು ಬಂತೆಂದು ಒಂದು ವಾರ ಟ್ರಿಪ್ ಶೀಟಿನ ಹಿಂಬದಿ ಬರೆದು ಕೊಡು. ಬಾಯಲ್ಲಿ ಹೇಳಿದ ದೂರು ಡಿಪೋ ಗೇಟಿನಲ್ಲೇ ಉಳಿಯುತ್ತೆ, ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತೆ.

ಕಪ್ಪು ಕನ್ನಡಕದ ಮಾತು ಬಿಟ್ಟೇಬಿಡು. ಕೆಲವು ಕನ್ನಡಕಗಳ ಮೂಲಕ ಅವಗೆಂಪು ಬೆಳಕು ಹಾದುಹೋಗುತ್ತೆ, ಕ್ಯಾಮೆರಾಗೆ ಮೋಸವಾಗುವುದಿಲ್ಲ. ಮೋಸವಾಗುವುದು ರಾತ್ರಿ ಕತ್ತಲಲ್ಲಿ ಕಪ್ಪು ಗಾಜು ಹಾಕಿಕೊಂಡ ನಿನ್ನ ಕಣ್ಣಿಗೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 1990ರಲ್ಲಿ ನಿದ್ದೆಗೊಂದು ಏಣಿ ಮಾಡಿದರು. ಒಂಬತ್ತು ಮೆಟ್ಟಿಲು. ಒಂದನೆಯದು ಪೂರ್ತಿ ಎಚ್ಚರ. ಐದರಲ್ಲಿ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಏಳರಲ್ಲಿ ನಿದ್ದೆ ಬಂದಿದೆ, ಆದರೆ ಎಚ್ಚರವಿರಲು ಕಷ್ಟಪಡಬೇಕಿಲ್ಲ. ಎಂಟರಲ್ಲಿ ಕಷ್ಟಪಡಬೇಕು. ಒಂಬತ್ತರಲ್ಲಿ ನಿದ್ದೆಯ ಜೊತೆ ಕುಸ್ತಿ. ಐರೋಪ್ಯ ಒಕ್ಕೂಟ ತನ್ನ ಹೊಸ ಗಾಡಿಗಳಿಗೆಲ್ಲ ತೂಕಡಿಕೆ ಎಚ್ಚರಿಕೆ ಕಡ್ಡಾಯ ಮಾಡಿದೆ, ಹೊಸ ಮಾದರಿಗಳಿಗೆ 2022ರ ಜುಲೈನಿಂದ, ಎಲ್ಲ ಹೊಸ ಗಾಡಿಗಳಿಗೆ 2024ರ ಜುಲೈನಿಂದ. ಅಲ್ಲಿ ಯಂತ್ರ ಯಾವಾಗ ಕೂಗಲೇಬೇಕು ಎಂಬುದಕ್ಕೆ ಈ ಏಣಿಯನ್ನೇ ಹಿಡಿದಿದ್ದಾರೆ: ಎಂಟನೇ ಮೆಟ್ಟಿಲು. ಏಳರಲ್ಲಿ ಕೂಗಿದರೂ ತಪ್ಪಿಲ್ಲ, ಎಂಟರಲ್ಲಂತೂ ಬಿಡುವ ಹಾಗಿಲ್ಲ. ನಿನ್ನ ಗಾಡಿಗೆ ಹೊರಗಿನಿಂದ ತಂದು ಕೂರಿಸಿದ ಯಂತ್ರ ಇನ್ನೂ ತಡವಾಗಿಯೂ ಕೂಗಬಹುದು. ಏಕೆಂದರೆ ಅದಕ್ಕೆ ನಿದ್ದೆ ಕಾಣುವುದಿಲ್ಲ, ರೆಪ್ಪೆ ಕಾಣುತ್ತೆ. ರೆಪ್ಪೆ ಇಳಿಯುವ ಹೊತ್ತಿಗೆ ನಿದ್ದೆ ಒಳಗೆ ಬಂದು ಕೂತು ಎಷ್ಟೋ ಹೊತ್ತಾಗಿರುತ್ತೆ.

ಅರ್ಥ ಆಯಿತೇ ಮಗಾ? ನೀವೆಲ್ಲ ಆ ಕೂಗನ್ನು ಮುನ್ಸೂಚನೆ ಅಂದುಕೊಂಡಿದ್ದೀರಿ. ‘ಈಗ ಕೂಗಿತು, ಸರಿ, ಎಚ್ಚರವಾದೆ, ಇನ್ನು ಹುಷಾರಾಗಿ ಹೋಗೋಣ’ ಅಂತ. ಒಂಬತ್ತರ ಏಣಿಯಲ್ಲಿ ಎಂಟು ಹತ್ತಿಯಾದ ಮೇಲೆ ಬಂದ ಕೂಗು ಅದು. ಕೂಗಿನಿಂದ ಎದೆ ಢವಗುಟ್ಟಿ ಎರಡು ನಿಮಿಷ ಕಣ್ಣು ಅಗಲವಾಗುತ್ತೆ, ಮತ್ತೆ ಅದೇ ಮೆಟ್ಟಿಲು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತೆ. ನಾಲ್ಕು ಸೆಕೆಂಡಿನ ಜೋಂಪು ಹತ್ತಿತೆಂದರೆ ಸುಮಾರು 90 ಮೀಟರ್. ನಿನ್ನ 12 ಮೀಟರಿನ ಬಸ್ಸನ್ನು ಒಂದರ ಹಿಂದೊಂದು ಏಳು ನಿಲ್ಲಿಸಿದಷ್ಟು ದೂರ, ಮೂವತ್ತಾರು ಜನರನ್ನು ಹೊತ್ತುಕೊಂಡು, ಸ್ಟೇರಿಂಗಿನಲ್ಲಿ ಯಾರೂ ಇಲ್ಲದೆ. ಆ ಜನ ಚಪ್ಪಲಿ ಬಿಟ್ಟು, ಪರದೆ ಎಳೆದು, ಬೆಳಗಾವಿ ಬಂದಾಗ ಎಬ್ಬಿಸಿ ಅಂತ ಹೇಳಿ ಮಲಗಿದವರು. ಅವರ ಪಾಲಿನ ಎಚ್ಚರವನ್ನೂ ನಿನಗೇ ಒಪ್ಪಿಸಿ ಮಲಗಿದ್ದಾರೆ.

ಹಾಗಾಗಿ ಒಮ್ಮೆ ನಿಜವಾದ ಕೂಗು ಬಂತೆಂದರೆ, ಮುಂದೆ ಬರುವ ಮೊದಲ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಬೇಕು. ಎರಡನೇ ಕೂಗಿಗೆ ಕಾಯಬೇಡ. ಸುರಕ್ಷಿತ ಜಾಗ ಅಂದರೆ ಪೆಟ್ರೋಲ್ ಬಂಕು, ಟೋಲ್ ದಾಟಿದ ಮೇಲಿನ ನಿಲುಗಡೆ, ದೀಪವಿರುವ ಢಾಬಾ ಅಂಗಳ. ರಸ್ತೆ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡ. ಕತ್ತಲಲ್ಲಿ ದೀಪವಿಲ್ಲದೆ ನಿಂತ ಗಾಡಿಗೆ ಹಿಂದಿನಿಂದ ಇನ್ನೊಬ್ಬ ತೂಕಡಿಸುವವನು ಬಂದು ಗುದ್ದುತ್ತಾನೆ. ಜೊತೆಗಾರ ಡ್ರೈವರ್ ಇದ್ದರೆ ಅವನನ್ನು ಎಬ್ಬಿಸಿ ಸ್ಟೇರಿಂಗ್ ಕೊಡು. ಎದ್ದ ಕೂಡಲೇ ಕೊಡಬೇಡ, ಮುಖ ತೊಳೆದು ಹತ್ತು-ಹದಿನೈದು ನಿಮಿಷ ಓಡಾಡಲಿ. ಗಾಢನಿದ್ದೆಯಿಂದ ಎದ್ದವನ ತಲೆ ಕೂಡಲೇ ತಿಳಿಯಾಗುವುದಿಲ್ಲ. ಒಬ್ಬನೇ ಇದ್ದರೆ ಒಂದು ಲೋಟ ಕಾಫಿ ಕುಡಿದು, ಫೋನಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗು. ಮೊದಲು ಕಾಫಿ, ಆಮೇಲೆ ನಿದ್ದೆ. ತಲೆಕೆಳಗಾಗಿ ಹೇಳುತ್ತಿಲ್ಲ. ಕಾಫಿ ರಕ್ತಕ್ಕೆ ಸೇರಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು, ನೀನು ಏಳುವ ಹೊತ್ತಿಗೆ ಅದೂ ಎದ್ದಿರುತ್ತೆ. ಇಂಗ್ಲೆಂಡಿನ ಹಾರ್ನ್ ಮತ್ತು ರೇನರ್ ಎಂಬವರು 1990ರ ದಶಕದಲ್ಲಿ ಇದನ್ನು ಚಾಲಕರ ಮೇಲೇ ಪರೀಕ್ಷಿಸಿ ನೋಡಿದ್ದಾರೆ. ಅವರೇ ಇನ್ನೊಂದನ್ನೂ ಪರೀಕ್ಷಿಸಿದರು: ಕಿಟಕಿ ತೆರೆದು ತಣ್ಣನೆ ಗಾಳಿ, ಜೋರು ರೇಡಿಯೊ. ಎರಡರಿಂದಲೂ ಆದ ಉಪಕಾರ ಅಷ್ಟಕ್ಕಷ್ಟೆ, ಅದೂ ಸ್ವಲ್ಪ ಹೊತ್ತಿಗೆ. ನಾವು ಜೀವಮಾನವಿಡೀ ನಂಬಿಕೊಂಡು ಬಂದದ್ದು ಅವೆರಡನ್ನೇ, ಜೊತೆಗೆ ಮುಖಕ್ಕೆ ನೀರು, ಬಾಯಿಗೆ ಗುಟ್ಕಾ. ಗುಟ್ಕಾದಿಂದ ದವಡೆಯ ಮಾಂಸ ಹೋಗಿ ಬಾಯಿ ತೆರೆಯಲಾಗದೆ ಕೂತ ನನ್ನ ಜೊತೆಯವರನ್ನು ನೀನೂ ನೋಡಿದ್ದೀಯ.

ಕೂಗು ಬರುವ ಮೊದಲೇ ನಿನ್ನ ಮೈ ನಿನಗೆ ಹೇಳುತ್ತೆ, ಆರನೇ ಮೆಟ್ಟಿಲಿನಲ್ಲೇ. ಹಿಂದಿನ ಊರಿನ ಬೋರ್ಡು ನೆನಪಾಗದೆ ಹೋದರೆ, ಎದುರು ಗಾಡಿಯ ದೀಪಕ್ಕೆ ಡಿಮ್ ಮಾಡುವುದು ತಡವಾದರೆ, ಗೇರು ಬದಲಿಸಲು ಬೇಸರವಾದರೆ, ಕಾರಣವಿಲ್ಲದೆ ಸಿಟ್ಟು ಬಂದರೆ, ಕತ್ತಿನ ಹಿಂಬದಿ ಭಾರವಾದರೆ, ಅದು ನಿದ್ದೆ. ಘಾಟಿಯಲ್ಲಿ ಇದು ಕಡಿಮೆ. ಶಿರಾಡಿ, ಅರಬೈಲಿನ ತಿರುವುಗಳಲ್ಲಿ ಕೈಗೂ ಕಣ್ಣಿಗೂ ಬಿಡುವಿರುವುದಿಲ್ಲ. ನಿದ್ದೆ ಕಾಯುತ್ತಿರುವುದು ಘಾಟಿ ಮುಗಿದ ಮೇಲಿನ ನೆಟ್ಟಗಿನ ರಸ್ತೆಯಲ್ಲಿ, ಹಿರಿಯೂರು-ಚಿತ್ರದುರ್ಗದ ಬಯಲಿನಲ್ಲಿ, ರಾಣೆಬೆನ್ನೂರು ದಾಟಿ ಹಾವೇರಿ ಕಡೆ ಹೋಗುವಾಗ. ಆರು ಲೇನಿನ ನುಣುಪು ರಸ್ತೆ, ಎಸಿಯ ತಂಪು, ಒಂದೇ ಸಮನೆ ಎಂಜಿನ್ ಸದ್ದು. ಒಳ್ಳೆ ರಸ್ತೆ ಬಂದದ್ದು ನಮ್ಮ ಪುಣ್ಯ, ಆದರೆ ಅದು ಜೋಗುಳವನ್ನೂ ಜೊತೆಗೇ ತಂದಿದೆ. ದಾವಣಗೆರೆ ದಾಟಿದ ಮೇಲಿನ ಬಯಲಿಗೆ ನಿನ್ನ ಗಾಡಿ ತಲುಪುವುದು ರಾತ್ರಿ ಎರಡರಿಂದ ನಾಲ್ಕರ ಒಳಗೆ. ದಿನದ 24 ಗಂಟೆಯಲ್ಲಿ ಮನುಷ್ಯನ ಮೈ ಅತ್ಯಂತ ತಗ್ಗಿಗಿಳಿಯುವ ಹೊತ್ತೂ ಅದೇ. ಮಧ್ಯಾಹ್ನದ ಎರಡರಿಂದ ನಾಲ್ಕು ಇನ್ನೊಂದು ಸಣ್ಣ ತಗ್ಗು. ರಾತ್ರಿ ಡ್ಯೂಟಿ ಎಷ್ಟು ವರ್ಷ ಮಾಡಿದರೂ ಆ ತಗ್ಗು ಪೂರ್ತಿ ತುಂಬುವುದಿಲ್ಲ, ಅಭ್ಯಾಸವಾಗಿದೆ ಅಂದವರ ಮಾತು ನಂಬಬೇಡ. ಟ್ರಿಪ್ಪಿನ ಲೆಕ್ಕ ಹಾಕುವಾಗಲೇ ಎರಡು ಗಂಟೆಗೆ ಮುಂಚೆ, ದಾವಣಗೆರೆ ಆಸುಪಾಸಿನಲ್ಲಿ, ಸ್ಟೇರಿಂಗ್ ಬದಲಾಗುವಂತೆ ಜೊತೆಗಾರನ ಹತ್ತಿರ ಮಾತಾಡಿಕೋ.

ಜೊತೆಗಾರ ಎಲ್ಲಿ ಮಲಗುತ್ತಾನೆ? ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತೆ. ಎಷ್ಟೋ ಗಾಡಿಗಳಲ್ಲಿ ಎರಡನೇ ಡ್ರೈವರ್ ಮಲಗುವುದು ಕೆಳಗಿನ ಲಗೇಜು ಡಿಕ್ಕಿಯಲ್ಲಿ, ಪಾರ್ಸೆಲ್ ಮೂಟೆಗಳ ನಡುವೆ. ಗಾಳಿಯಿಲ್ಲ, ಟೈರಿನ ಸದ್ದು ಕಿವಿಯ ಬುಡದಲ್ಲಿ. ಅಲ್ಲಿಂದ ಎದ್ದು ಬಂದವನನ್ನು ವಿಶ್ರಾಂತಿ ಪಡೆದವನು ಅಂತ ಹೇಗೆ ಕರೆಯುವುದು? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಸಾಲ, ಮಕ್ಕಳ ಫೀಸು, ಮಾಲೀಕರ ಫೋನು ತಲೆಯಲ್ಲಿಟ್ಟುಕೊಂಡ ಡ್ರೈವರಿಗೆ ಸಂತೆಯಲ್ಲಿ ನಿದ್ದೆ ಬರುವುದಿಲ್ಲ. ಅವನಿಗೆ ಹಾಸಿಗೆ, ಕತ್ತಲೆ, ಗಾಳಿ ಬೇಕು. ಲಾರಿಯವರ ಪಾಡು ಇನ್ನೂ ಕಷ್ಟ. ರಾಷ್ಟ್ರೀಯ ಪರವಾನಗಿಯ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನು 2018ರಲ್ಲಿ ತೆಗೆದುಹಾಕಿದರು. ಈಗ ಒಬ್ಬನೇ, ಅವನ ಮುಂದೊಂದು ಕ್ಯಾಮೆರಾ. ಎರಡನೇ ಡ್ರೈವರಿನ ಸಂಬಳ ಉಳಿಸಿ ಆ ದುಡ್ಡಿನಲ್ಲಿ ಕ್ಯಾಮೆರಾ ಕೂರಿಸಿದೆವು ಎಂದು ಯಾರಾದರೂ ಸಮಾಧಾನಪಟ್ಟುಕೊಂಡರೆ, ಅವರಿಗೆ ಈ ಯಂತ್ರ ಏನೆಂದೇ ಅರ್ಥವಾಗಿಲ್ಲ. ಕ್ಯಾಮೆರಾ ದಣಿವನ್ನು ತೋರಿಸುತ್ತೆ, ಕಳೆಯುವುದಿಲ್ಲ. ಜ್ವರ ತೋರಿಸುವ ಥರ್ಮಾಮೀಟರಿನಿಂದ ಜ್ವರ ಇಳಿಯುತ್ತದೆಯೇ?

ನಿನ್ನ ಮಾಲೀಕರ ಮುಂದೆ ಇದನ್ನು ಮಾತಾಡುವ ಕಾಲ ಬರುತ್ತೆ, ಆಗ ತಲೆ ತಗ್ಗಿಸಬೇಡ. ನಮ್ಮ ಕಾಲಕ್ಕೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 5 ಗಂಟೆ ಮೀರುವ ಮುನ್ನ ಅರ್ಧ ಗಂಟೆ ಬಿಡುವು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ. ದೂರದ ಓಡಾಟಕ್ಕೆ ಅನುಮತಿ ಪಡೆದು ಸ್ವಲ್ಪ ಹೆಚ್ಚಿಸಬಹುದಿತ್ತು. ಸರ್ಕಾರಿ ಬಸ್ಸಿನಲ್ಲಿ ಇದನ್ನು ಒಂದಿಷ್ಟಾದರೂ ಪಾಲಿಸುವುದನ್ನು ಕಂಡೆ, ಲಾರಿಯಲ್ಲಿದ್ದಾಗ ಕಾಣಲಿಲ್ಲ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು, ಗಾಡಿಯಲ್ಲೇ ಇರುವ ದಾಖಲೆ ಯಂತ್ರ ಅದನ್ನು ಬರೆದಿಡುತ್ತೆ, ಪೊಲೀಸರು ತೆಗೆದು ನೋಡುತ್ತಾರೆ. ಅಲ್ಲಿ ಮೊದಲು ಬಂದದ್ದು ಗಂಟೆಯ ಲೆಕ್ಕ, ಕಣ್ಣಿನ ಲೆಕ್ಕ ಆಮೇಲೆ. ನಮ್ಮಲ್ಲಿ ಕಣ್ಣಿನ ಲೆಕ್ಕ ಮೊದಲು ಜಾರಿಗೆ ಬರುವ ಹಾಗೆ ಕಾಣುತ್ತಿದೆ. ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ದೊಡ್ಡ ಬಸ್ಸು-ಲಾರಿಗಳಿಗೆ ತಾನಾಗಿ ಹಿಡಿಯುವ ತುರ್ತು ಬ್ರೇಕು, ಲೇನ್ ತಪ್ಪಿದರೆ ಎಚ್ಚರಿಕೆ, ಜೊತೆಗೆ ಚಾಲಕನ ತೂಕಡಿಕೆಯ ಎಚ್ಚರಿಕೆ, ಮೂರನ್ನೂ ಸೇರಿಸಿದ್ದಾರೆ. ತೂಕಡಿಕೆಯದಕ್ಕೆ ಎಐಎಸ್-184 ಅನ್ನುವ ಮಾನದಂಡವೇ ಇದೆ. ಬರಲಿ, ನಾನು ಸ್ವಾಗತಿಸುತ್ತೇನೆ. ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದ ಸುದ್ದಿ ಓದಿದ ದಿನವೂ ನನಗೆ ಕಣ್ಣು ತುಂಬಿತ್ತು. ಬೇಸಿಗೆಯ ಬಳ್ಳಾರಿ ರಸ್ತೆಯಲ್ಲಿ ಎಂಜಿನ್ ಶಾಖದ ಪಕ್ಕ ಕೂತವರಿಗೆ ಅದರ ಬೆಲೆ ಗೊತ್ತು.

ಮಾಲೀಕರನ್ನು ಮೂರು ಮಾತು ಕೇಳು, ಮೆತ್ತಗೆ, ಮರ್ಯಾದೆಯಿಂದ. ಕೂಗು ಬಂದಾಗ ಗಾಡಿ ನಿಲ್ಲಿಸಿದರೆ, ತಡವಾದದ್ದಕ್ಕೆ ನನ್ನ ಬತ್ತಾ ಕಡಿಯುತ್ತೀರಾ? ಕಡಿಯುವುದಾದರೆ ಕ್ಯಾಮೆರಾ ಕೂರಿಸಿದ್ದು ಯಾತಕ್ಕೆ? ಆ ವಿಡಿಯೊ ಎಲ್ಲಿ ಹೋಗುತ್ತೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಡ್ರೈವರಿನ ಮುಖ ಅವನದು, ಹತ್ತು ಜನರ ವಾಟ್ಸಾಪಿನಲ್ಲಿ ತಿರುಗುವ ತಮಾಷೆಯಲ್ಲ. ಇನ್ನೊಂದು: ತಿಂಗಳ ಕೊನೆಗೆ ಯಾರ ಗಾಡಿಯಲ್ಲಿ ಎಷ್ಟು ಕೂಗು ಬಂತೆಂದು ಪಟ್ಟಿ ಮಾಡುವಾಗ, ಆ ಡ್ರೈವರಿಗೆ ಹಿಂದಿನ ದಿನ ಎಷ್ಟು ಗಂಟೆ ವಿಶ್ರಾಂತಿ ಕೊಟ್ಟಿದ್ದಿರಿ ಎಂಬ ಕಲಂ ಪಕ್ಕದಲ್ಲಿ ಇರುತ್ತದೆಯೇ? ಸತತ ನಾಲ್ಕನೇ ರಾತ್ರಿ ಡಬಲ್ ಡ್ಯೂಟಿ ಮಾಡಿದವನ ಕಣ್ಣು ಮುಚ್ಚಿದರೆ ಅದು ಅವನೊಬ್ಬನ ತಪ್ಪಲ್ಲ, ಡ್ಯೂಟಿ ಚೀಟಿ ಬರೆದ ಕೈಯದೂ ಹೌದು. ಒಳ್ಳೆಯ ಮಾಲೀಕರಿಗೆ ಈ ಪಟ್ಟಿ ಬಂಗಾರ. ಯಾವ ರೂಟು, ಯಾವ ಸಮಯ, ಯಾವ ಪಾಳಿ ಜನರನ್ನು ಬಳಲಿಸುತ್ತಿದೆ ಅಂತ ಅದರಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತೆ. ನಿನ್ನ ಮಾಲೀಕರು ಒಳ್ಳೆಯವರು ಅಂತ ನೀನೇ ಹೇಳಿದ್ದೀಯ, ಕೇಳಿ ನೋಡು. ಮೂರಕ್ಕೂ ಇಲ್ಲ ಅಂದರೆ, ಡ್ರೈವರ್ ಬೇಕಾಗಿರುವ ಗಾಡಿಗಳಿಗೆ ಈ ನಾಡಿನಲ್ಲಿ ಬರವಿಲ್ಲ. ಊರಿನಲ್ಲಿ ನಾಲ್ಕು ತಿಂಗಳು ನಿನ್ನನ್ನು ಸಾಕುವ ಶಕ್ತಿ ನನ್ನ ಪಿಂಚಣಿಗಿದೆ.

ನಿನ್ನ ಪಾಲಿನದ್ದೂ ಇದೆ. ಹಗಲು ಮಲಗುವಾಗ ಫೋನನ್ನು ಇನ್ನೊಂದು ಕೋಣೆಯಲ್ಲಿಡು. ರಾತ್ರಿಪಾಳಿಯವನ ಹಗಲುನಿದ್ದೆ ತೆಳು, ನೆಂಟರ ಮಾತಿಗೂ ಒಡೆಯುತ್ತೆ. ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ, ನೀನು ಮಲಗಿರುವಾಗ ಮದುವೆ ಕಾರ್ಡು ಕೊಡಲು ಬಂದವರೂ ಕಾಯಲಿ. ಡ್ಯೂಟಿಗೆ ಮುಂಚೆ ಮುದ್ದೆ-ಸಾರು ಹೊಟ್ಟೆ ಬಿರಿಯೆ ಉಂಡು ಹತ್ತಬೇಡ. ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ ತಗೊಳ್ಳುವ ಮುನ್ನ ನಿದ್ದೆ ಬರುತ್ತದೆಯೇ ಎಂದು ಅಂಗಡಿಯವನನ್ನು ಕೇಳು. ಎರಡು ರೂಪಾಯಿ ಮಾತ್ರೆ ಇಡೀ ರಾತ್ರಿಯನ್ನು ಮಂಕು ಮಾಡುತ್ತೆ. ಮತ್ತೆ ನೀನು ಗೊರಕೆ ಹೊಡೆಯುತ್ತೀಯ, ಕಳೆದ ದೀಪಾವಳಿಗೆ ಬಂದಾಗ ಕೇಳಿದೆ. ಬರೀ ಗೊರಕೆಯಾಗಿದ್ದರೆ ಚಿಂತೆಯಿರಲಿಲ್ಲ. ನಡುನಡುವೆ ಉಸಿರು ನಿಂತು, ಆಮೇಲೆ ಜೋರಾಗಿ ಎಳೆದುಕೊಂಡೆ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆ ಭಾರ ಅಂದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಉಸಿರು ಕಟ್ಟಿದಾಗಲೆಲ್ಲ ಮೆದುಳು ಅರೆಬರೆ ಎಚ್ಚರವಾಗುತ್ತೆ, ಮಲಗಿದವನಿಗೆ ಗೊತ್ತಾಗುವುದಿಲ್ಲ. ಕ್ಯಾಮೆರಾ ನಿನ್ನೊಬ್ಬನ ಮೇಲೇ ಜಾಸ್ತಿ ಕೂಗುತ್ತಿದೆ ಅಂದೆಯಲ್ಲ, ಕಾರಣ ಇಲ್ಲೇ ಇರಬಹುದು. ಇದಕ್ಕೆ ಪರೀಕ್ಷೆಯಿದೆ, ಚಿಕಿತ್ಸೆಯೂ ಇದೆ. ಪರೀಕ್ಷೆ ಮಾಡಿಸಿದರೆ ಕೆಲಸ ಹೋಗುತ್ತೆ ಅಂತ ಹೆದರಿ ಮುಚ್ಚಿಟ್ಟವರನ್ನು ಬಲ್ಲೆ. ಮುಂದಿನ ವಾರದ ರಜೆಗೆ ಬಂದಾಗ ಹುಬ್ಬಳ್ಳಿಗೆ ಹೋಗೋಣ, ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ನಾನೂ ಬರುತ್ತೇನೆ.

ಇನ್ನೊಂದು ಸಣ್ಣ ವಿಷಯ. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವಾಗ ಹೂವಿನ ಹಾರ ಕ್ಯಾಮೆರಾದ ಮುಂದೆ ಇಳಿಬೀಳದಂತೆ ಕಟ್ಟು. ಊದುಬತ್ತಿಯ ಹೊಗೆ, ಕುಂಕುಮದ ಧೂಳು ಅದರ ಗಾಜಿಗೆ ಕೂರುತ್ತೆ. ಮುಂಗಾಜು ಒರೆಸುವಾಗ ಅದನ್ನೂ ಮೆತ್ತನೆ ಬಟ್ಟೆಯಿಂದ ಒರೆಸು. ಯಾರೋ ಅಂಟಿಸಿದ ಆ ಪಟ್ಟಿಯನ್ನು ಇವತ್ತೇ ಕಿತ್ತುಹಾಕು. ಅಂಟು ಉಳಿದಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಡುತ್ತೆ, ಆಮೇಲೆ ಎಣ್ಣೆಪಸೆ ಉಳಿಯದಂತೆ ಒಣಬಟ್ಟೆಯಲ್ಲಿ ತಿಕ್ಕು.

ಇವತ್ತು ರಾತ್ರಿ ಒಂಬತ್ತೂವರೆಗೆ ಹೊರಡುತ್ತೀಯ ಅಲ್ಲವೇ? ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಊಟ ಆಯ್ತಾ ಅಂತ ನಿಮ್ಮಮ್ಮ ಕೇಳುತ್ತಾಳೆ. ಹಗಲು ಎಷ್ಟು ಗಂಟೆ ಮಲಗಿದ್ದೆ ಅಂತ ನಾನು ಕೇಳುತ್ತೇನೆ. ನಿಜ ಹೇಳು.